ಕಚ್ಛದ ಚಳಿಗಾಲದ ಅತಿಥಿಗಳು

ಗಡಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮುಳ್ಳುತಂತಿಯ ಬೇಲಿ, ಕಾವಲು ಗೋಪುರ, ಬಂದೂಕು ಹಿಡಿದ ಯೋಧ. ಒಂದು ದೇಶದ ನೆಲ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು ದೇಶದ ನೆಲ ಅಲ್ಲಿಂದ ಮೊದಲಾಗುತ್ತದೆ. ಅನುಮತಿ ಪತ್ರವಿಲ್ಲದೆ ಮನುಷ್ಯನು ಅತ್ತಿಂದಿತ್ತ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಆದರೆ ಪ್ರತಿವರ್ಷ ಮಳೆಗಾಲ ಮುಗಿದು ಆಕಾಶ ತಿಳಿಯಾಗುತ್ತಿದ್ದಂತೆ ಲಕ್ಷಾಂತರ ಪ್ರಯಾಣಿಕರು ಯಾವ ಅನುಮತಿಯನ್ನೂ ಬೇಡದೆ, ಯಾವ ಕಾವಲಿಗೂ ಅಂಜದೆ ಭಾರತದ ಪಶ್ಚಿಮದ ಗಡಿಯನ್ನು ದಾಟಿ ಬರುತ್ತಾರೆ. ನಾಲ್ಕಾರು ತಿಂಗಳು ತಂಗಿದ್ದು, ಬೇಸಗೆ ಕಾಲಿಡುವ ಹೊತ್ತಿಗೆ ಬಂದ ದಾರಿಯಲ್ಲೇ ಮರಳುತ್ತಾರೆ. ಈ ಪ್ರಯಾಣಿಕರೇ ವಲಸೆ ಹಕ್ಕಿಗಳು. ಅವು ಬಂದಿಳಿಯುವ ನೆಲ ಗುಜರಾತಿನ ಕಚ್ಛ.

ಕಚ್ಛವು ವಿಸ್ತೀರ್ಣದಲ್ಲಿ ನಮ್ಮ ದೇಶದ ಅತ್ಯಂತ ದೊಡ್ಡ ಜಿಲ್ಲೆ. ಅದರ ಉತ್ತರಕ್ಕೆ ಪಾಕಿಸ್ತಾನದ ಸಿಂಧ್ ಪ್ರಾಂತ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ಕಚ್ಛ ಖಾರಿ. ಜಿಲ್ಲೆಯ ಮುಖ್ಯ ನಗರ ಭುಜ್. ಕರ್ಕಾಟಕ ಸಂಕ್ರಾಂತಿ ವೃತ್ತವು ಈ ನಗರದ ತುಸು ಉತ್ತರಕ್ಕೆ ಹಾದುಹೋಗುತ್ತದೆ. ಸಂಸ್ಕೃತದಲ್ಲಿ ‘ಕಚ್ಛ’ ಎಂದರೆ ಜೌಗುನೆಲ, ನೀರಿನ ಅಂಚಿನ ನೆಲ ಎಂಬ ಅರ್ಥವಿದೆ. ನಕ್ಷೆಯಲ್ಲಿ ಈ ಪ್ರದೇಶವು ಬೋರಲು ಬಿದ್ದ ಆಮೆಯಂತೆ ಕಾಣುವುದರಿಂದ ‘ಕಚ್ಛಪ’ವೆಂಬ ಪದದಿಂದಲೇ ಈ ಹೆಸರು ಬಂದಿತೆಂದು ಹೇಳುವವರೂ ಉಂಟು.

ಈ ಆಮೆಯ ಬೆನ್ನಿನ ಉತ್ತರಕ್ಕೂ ಪೂರ್ವಕ್ಕೂ ಹರಡಿರುವ ವಿಸ್ತಾರವಾದ ಬಯಲೇ ‘ರಣ್’. ಇದು ಕಾಳಗವೆಂಬ ಅರ್ಥದ ನಮ್ಮ ‘ರಣ’ವಲ್ಲ, ಉಪ್ಪು ತುಂಬಿದ ಬರಡು ಬಯಲು. ಒಂದಾನೊಂದು ಕಾಲದಲ್ಲಿ ಇದು ಅರಬ್ಬೀ ಸಮುದ್ರದ ತೋಳಾಗಿತ್ತು. ನದಿಗಳು ತಂದ ಹೂಳು ತುಂಬುತ್ತ, ಭೂಮಿಯೂ ಮೆಲ್ಲಮೆಲ್ಲನೆ ಮೇಲೇಳುತ್ತ ಸಮುದ್ರವು ಹಿಂದೆ ಸರಿಯಿತು. ಉಪ್ಪು ಮಾತ್ರ ಉಳಿಯಿತು. ಇಂದಿಗೂ ಮಳೆಗಾಲದಲ್ಲಿ ನದಿಗಳ ನೀರೂ ನೈಋತ್ಯ ಮಾರುತವು ನೂಕಿ ತರುವ ಕಡಲ ನೀರೂ ಕೂಡಿ ಈ ಬಯಲನ್ನು ತೆಳುವಾಗಿ ಮುಚ್ಚುತ್ತವೆ. ಮಳೆ ನಿಂತ ಮೇಲೆ ನೀರು ಬಿಸಿಲಿಗೆ ಆರುತ್ತದೆ. ಚಳಿಗಾಲದ ಹೊತ್ತಿಗೆ ದಿಗಂತದವರೆಗೆ ಉಪ್ಪಿನ ಬಿಳಿಯ ಹಾಸು ಹರಡಿಕೊಳ್ಳುತ್ತದೆ. ಆದರೆ ಎಲ್ಲ ನೀರೂ ಒಮ್ಮೆಲೇ ಆರಿಹೋಗುವುದಿಲ್ಲ. ತಗ್ಗುಗಳಲ್ಲಿ ಅಲ್ಲಲ್ಲಿ ಉಳಿದ ಆಳವಿಲ್ಲದ ನೀರು ಏಡಿ, ಸೀಗಡಿ, ಪಾಚಿ, ಹುಳುಗಳಿಂದ ತುಂಬಿರುತ್ತದೆ. ಮನುಷ್ಯನ ಕಣ್ಣಿಗೆ ನಿಷ್ಪ್ರಯೋಜಕವೆಂದು ತೋರುವ ಈ ಕೆಸರೇ ಹಕ್ಕಿಗಳ ಅನ್ನದ ತಟ್ಟೆ.

ದೂರದೂರದ ಹಕ್ಕಿಗಳು ಇಲ್ಲಿಗೆ ಬರುವುದೇಕೆ? ಚಳಿಗೆ ಹೆದರಿ ಬರುತ್ತವೆಂಬುದು ಸಾಮಾನ್ಯವಾದ ಉತ್ತರ. ಅದು ಅರ್ಧ ಸತ್ಯ. ದಟ್ಟವಾದ ಗರಿಗಳ ಹೊದಿಕೆಯುಳ್ಳ ಹಕ್ಕಿಯು ಸಾಕಷ್ಟು ಚಳಿಯನ್ನು ತಾಳಬಲ್ಲದು, ತಾಳಲಾರದ್ದು ಹಸಿವನ್ನು. ಸೈಬೀರಿಯ, ಮಂಗೋಲಿಯ, ಮಧ್ಯ ಏಷ್ಯದ ಬಯಲುಗಳಲ್ಲಿ ಚಳಿಗಾಲ ಬಂದಿತೆಂದರೆ ಕೆರೆಗಳು ಹೆಪ್ಪುಗಟ್ಟುತ್ತವೆ; ಕಾಳು ಹುಳುಗಳೆಲ್ಲ ಹಿಮದಡಿಯಲ್ಲಿ ಹುದುಗುತ್ತವೆ. ಆಗ ಹಕ್ಕಿಗಳು ದಕ್ಷಿಣದ ದಾರಿ ಹಿಡಿಯುತ್ತವೆ. ಕಚ್ಛದಲ್ಲಿ ಚಳಿಗಾಲದ ರಾತ್ರಿಗಳು ನಡುಕ ಹುಟ್ಟಿಸಿದರೂ ಹಗಲು ಹಿತವಾಗಿ ಬೆಚ್ಚಗಿರುತ್ತದೆ, ನೀರು ಹೆಪ್ಪುಗಟ್ಟುವುದಿಲ್ಲ. ಆರ್ಕ್‌ಟಿಕ್ ಸಾಗರದಿಂದ ಹಿಂದೂ ಮಹಾಸಾಗರದವರೆಗೆ ಚಾಚಿರುವ ಈ ಆಕಾಶಮಾರ್ಗವನ್ನು ಪಕ್ಷಿಶಾಸ್ತ್ರಜ್ಞರು ಮಧ್ಯ ಏಷ್ಯ ವಲಸೆ ಪಥವೆಂದು ಕರೆಯುತ್ತಾರೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಇದೇ ಪಥದ ಯಾತ್ರಿಕರು. ಕಚ್ಛವು ಆ ಪಥದ ಹೆಬ್ಬಾಗಿಲುಗಳಲ್ಲಿ ಒಂದು.

ಈ ಹೆಬ್ಬಾಗಿಲಿನ ಹಿರಿಮೆಯನ್ನು ವಿದ್ವತ್ಪ್ರಪಂಚಕ್ಕೆ ತೋರಿಸಿಕೊಟ್ಟವರು ಡಾ. ಸಲೀಂ ಅಲಿ. ಸ್ವಾತಂತ್ರ್ಯಪೂರ್ವದಲ್ಲಿ, ಕಚ್ಛವು ಇನ್ನೂ ದೇಶೀಯ ಸಂಸ್ಥಾನವಾಗಿದ್ದಾಗ, ಅಲ್ಲಿನ ಮಹಾರಾಜರ ಬೆಂಬಲದಿಂದ ಅವರು ಆ ನಾಡಿನ ಹಕ್ಕಿಗಳ ಸಮೀಕ್ಷೆ ನಡೆಸಿದರು. ರಸ್ತೆಗಳಿಲ್ಲದ ಆ ಕಾಲದಲ್ಲಿ ರಣ್‌ನೊಳಕ್ಕೆ ಹೋಗಲು ಒಂಟೆಯೇ ಗತಿ. ಆ ಶ್ರಮದ ಫಲವಾಗಿ ‘ಕಚ್ಛದ ಹಕ್ಕಿಗಳು’ ಎಂಬ ಅರ್ಥದ ಹೆಸರಿನ ಅವರ ಇಂಗ್ಲಿಷ್ ಗ್ರಂಥವು ೧೯೪೫ರಲ್ಲಿ ಪ್ರಕಟವಾಯಿತು. ಇಂದು ಅಲ್ಲಿಗೆ ಹೋಗುವ ಪಕ್ಷಿಪ್ರೇಮಿಗಳೆಲ್ಲ ಅವರು ತುಳಿದ ಜಾಡನ್ನೇ ಒಂದಲ್ಲ ಒಂದು ಕಡೆ ಕೂಡಿಕೊಳ್ಳುತ್ತಾರೆ.

ಹಕ್ಕಿಗಳನ್ನು ನೋಡಲು ಬರುವವರು ಭುಜ್‌ನಲ್ಲಿ ಬಿಡಾರ ಹೂಡುವುದು ವಾಡಿಕೆ. ೨೦೦೧ರ ಜನವರಿ ೨೬ರಂದು ಸಂಭವಿಸಿದ ಭೀಕರ ಭೂಕಂಪದಲ್ಲಿ ನೆಲಕಚ್ಚಿ, ಮತ್ತೆ ಎದ್ದುನಿಂತ ನಗರವಿದು. ಡಿಸೆಂಬರ್ ಅಥವಾ ಜನವರಿಯ ಮುಂಜಾನೆ, ಇನ್ನೂ ನಕ್ಷತ್ರಗಳು ಮಿನುಗುತ್ತಿರುವಾಗಲೇ ಅವರ ಪ್ರಯಾಣ ಆರಂಭವಾಗುತ್ತದೆ. ಕೊರಳಲ್ಲಿ ದುರ್ಬೀನು, ಹೆಗಲಲ್ಲಿ ಕ್ಯಾಮೆರಾ, ಚೀಲದಲ್ಲಿ ಟಿಪ್ಪಣಿ ಪುಸ್ತಕ, ನೀರು, ಒಂದಿಷ್ಟು ಬುತ್ತಿ. ಬಟ್ಟೆಗಳೆಲ್ಲ ಮಣ್ಣಿನ ಬಣ್ಣದವು. ಮಾತು ಮೆಲುದನಿಯದು.

ಭುಜ್‌ನ ವಾಯವ್ಯಕ್ಕೆ, ಬನ್ನಿ ಹುಲ್ಲುಗಾವಲಿನ ಅಂಚಿನಲ್ಲಿ ಫುಲಾಯ್ ಎಂಬ ಪುಟ್ಟ ಹಳ್ಳಿಯಿದೆ. ಅದರ ಸುತ್ತಮುತ್ತ ಪೀಲು ಮರಗಳ ಪೊದೆಗಳು. ಹಳ್ಳಿಗರು ಇದರ ಕಡ್ಡಿಯಿಂದ ಹಲ್ಲುಜ್ಜುತ್ತಾರೆ. ಹಕ್ಕಿಗಳು ಇದರ ಸಣ್ಣ ಹಣ್ಣುಗಳನ್ನು ತಿನ್ನುತ್ತವೆ. ಈ ಹಣ್ಣಿನ ಆಸೆಗೆ ಇರಾಕ್, ಇರಾನ್ ಕಡೆಗಳಿಂದ ಬರುವ ಒಂದು ಅಪೂರ್ವ ಹಕ್ಕಿ ಹೈಪೋಕೋಲಿಯಸ್. ಪಿಕಳಾರದ ಗಾತ್ರ, ಬೂದುಬಣ್ಣದ ಮೈ, ನೀಳವಾದ ಬಾಲ. ಗಂಡಿನ ಕಣ್ಣುಗಳ ಸುತ್ತ ಕರಿಯ ಮುಖವಾಡ. ತನ್ನ ಕುಟುಂಬದಲ್ಲಿ ಇದೊಂದೇ ಜಾತಿ. ಇದಕ್ಕೆ ಹತ್ತಿರದ ಬಂಧುಗಳಿಲ್ಲ. ಭಾರತದಲ್ಲಿ ಇದನ್ನು ನೋಡಬೇಕೆನ್ನುವವರು ಈ ಪೊದೆಗಳ ಮುಂದೆಯೇ ಬಂದು ಕಾಯಬೇಕು.

ಕಾಯುವುದೇ ಪಕ್ಷಿ ಛಾಯಾಗ್ರಹಣದ ಮೊದಲ ಪಾಠ. ಛಾಯಾಗ್ರಾಹಕನು ಸೂರ್ಯನಿಗೆ ಬೆನ್ನುಮಾಡಿ, ನೆಲಕ್ಕೆ ತಗ್ಗಿ ಕುಳಿತುಕೊಳ್ಳುತ್ತಾನೆ. ಬೆಳಗಿನ ಓರೆಬಿಸಿಲು ಗರಿಗರಿಯ ವಿವರವನ್ನೂ ಎತ್ತಿ ತೋರಿಸುತ್ತದೆ. ಹೊತ್ತೇರಿದಂತೆ ಬಿಸಿಗಾಳಿಯ ಅಲೆಗಳು ದೂರದ ಆಕೃತಿಗಳನ್ನು ನಡುಗಿಸಿ ಚಿತ್ರವನ್ನು ಮಸುಕಾಗಿಸುತ್ತವೆ. ಆದುದರಿಂದ ಒಳ್ಳೆಯ ಚಿತ್ರಕ್ಕೆ ದೊರೆಯುವ ಕಾಲ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ದೂರದ ಹಕ್ಕಿಯನ್ನು ಹತ್ತಿರ ತರಲು ಉದ್ದನೆಯ ಟೆಲಿಫೋಟೋ ಮಸೂರವಿದೆ. ಆದರೆ ಮಸೂರವು ಎಷ್ಟೇ ಉದ್ದವಾಗಿರಲಿ, ಅದು ತಾಳ್ಮೆಗೆ ಬದಲಿಯಾಗಲಾರದು. ಹಕ್ಕಿಯ ಕೂಗನ್ನು ಯಂತ್ರದಲ್ಲಿ ನುಡಿಸಿ ಅದನ್ನು ಹೊರಗೆಳೆಯುವುದು, ಪೊದೆಗೆ ಕಲ್ಲೆಸೆಯುವುದು, ಗೂಡನ್ನು ಮುಚ್ಚಿದ ಕೊಂಬೆಗಳನ್ನು ಸರಿಸುವುದು — ಇವನ್ನು ತಿಳಿದವರು ಮಾಡುವುದಿಲ್ಲ. ಪೊದೆಯ ತುದಿಯಲ್ಲಿ ಹಕ್ಕಿಯು ತಾನಾಗಿ ಬಂದು ಕುಳಿತಾಗ ದೊರೆಯುವ ಚಿತ್ರಕ್ಕೆ ಇರುವ ಸಹಜತೆಯು ಹೆದರಿದ ಹಕ್ಕಿಯ ಚಿತ್ರಕ್ಕೆ ಎಂದಿಗೂ ಬರುವುದಿಲ್ಲ.

ಫುಲಾಯ್‌ನಿಂದ ಅನತಿದೂರದಲ್ಲಿ ಛಾರಿ ಧಂಡ್ ಇದೆ. ‘ಛಾರಿ’ ಎಂದರೆ ಉಪ್ಪು ಹತ್ತಿದ್ದು, ‘ಧಂಡ್’ ಎಂದರೆ ಆಳವಿಲ್ಲದ ಕೆರೆ. ೨೦೦೮ರಲ್ಲಿ ಗುಜರಾತ್ ಸರ್ಕಾರವು ಇದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅದರ ವಿಸ್ತೀರ್ಣ ಸುಮಾರು ೨೨೭ ಚದರ ಕಿಲೋಮೀಟರ್. ಮಳೆ ಚೆನ್ನಾದ ವರ್ಷ ಇಲ್ಲಿ ನೀರು ಕಣ್ಣು ಹಾಯುವಷ್ಟು ದೂರ ಹರಡಿರುತ್ತದೆ. ಮಳೆ ಕೈಕೊಟ್ಟ ವರ್ಷ ಬಿರಿದ ನೆಲವಷ್ಟೇ ಉಳಿಯುತ್ತದೆ. ನೀರಿದ್ದಾಗ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಗೆಬಗೆಯ ಬಾತುಗಳು ಸಹಸ್ರಾರು ಸಂಖ್ಯೆಯಲ್ಲಿ ನೆರೆಯುತ್ತವೆ. ಅವುಗಳ ಮೇಲೆ ಕಣ್ಣಿಟ್ಟು ಗಿಡುಗಗಳೂ ಹದ್ದುಗಳೂ ಬಂದು ಸೇರುತ್ತವೆ.

ಆದರೆ ಛಾರಿ ಧಂಡ್‌ನ ನಿಜವಾದ ವೈಭವ ಸಂಜೆಯದು. ಹಗಲೆಲ್ಲ ಸುತ್ತಲಿನ ಹೊಲಗಳಲ್ಲಿ, ಹುಲ್ಲುಬಯಲಿನಲ್ಲಿ ಕಾಳು ಹೆಕ್ಕುತ್ತಿದ್ದ ಕ್ರೌಂಚ ಪಕ್ಷಿಗಳು ಸೂರ್ಯಾಸ್ತದ ಹೊತ್ತಿಗೆ ನೀರಿಗೆ ಮರಳುತ್ತವೆ. ಮೊದಲಿಗೆ ಕಿವಿಗೆ ಬೀಳುವುದು ಕಹಳೆಯಂಥ ದನಿ. ಕ್ರೌಂಚದ ಶ್ವಾಸನಾಳವು ತುಂಬ ಉದ್ದವಾಗಿದ್ದು ಎದೆಯ ಮೂಳೆಯೊಳಗೆ ಸುತ್ತಿಕೊಂಡಿರುವುದರಿಂದ ಅದರ ಕೂಗು ಮೈಲುಗಟ್ಟಲೆ ಕೇಳಿಸುತ್ತದೆ. ಬಳಿಕ ಕೆಂಪೇರಿದ ಆಕಾಶದಲ್ಲಿ ಒಂದು ಗೆರೆ, ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡನೋಡುತ್ತಿದ್ದಂತೆ ಇಡೀ ಬಾನು ಗೆರೆಗಳಿಂದ ತುಂಬಿಹೋಗುತ್ತದೆ. ಕಾಲುಗಳನ್ನು ಇಳಿಬಿಟ್ಟು, ರೆಕ್ಕೆಗಳನ್ನು ಕಮಾನಿನಂತೆ ಬಾಗಿಸಿ ಅವು ತೇಲಿಬಂದು ಆಳವಿಲ್ಲದ ನೀರಿನ ನಡುವೆ ಇಳಿಯುತ್ತವೆ. ರಾತ್ರಿಯೆಲ್ಲ ಅವು ನಿಂತೇ ನಿದ್ರಿಸುತ್ತವೆ. ನರಿಯಾಗಲಿ ತೋಳವಾಗಲಿ ಹತ್ತಿರ ಬಂದರೆ ನೀರಿನ ಸದ್ದೇ ಅವುಗಳಿಗೆ ಎಚ್ಚರಿಕೆಯ ಗಂಟೆ.

ರಣ್‌ನ ಇನ್ನೊಂದು ಸೋಜಿಗ ರಾಜಹಂಸ. ನೀಳವಾದ ಕಾಲು, ಹಾವಿನಂತೆ ಬಳುಕುವ ಕೊರಳು, ಗುಲಾಬಿ ಬಣ್ಣದ ರೆಕ್ಕೆ. ಅದು ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದಿ, ನಾಲಿಗೆಯನ್ನು ಪಂಪಿನಂತೆ ಆಡಿಸಿ, ಕೆಸರುನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ನುಂಗುತ್ತದೆ. ಅದರ ಗುಲಾಬಿ ಬಣ್ಣವೂ ಹುಟ್ಟಿನಿಂದ ಬಂದುದಲ್ಲ. ಪಾಚಿ, ಸೀಗಡಿಗಳಲ್ಲಿರುವ ವರ್ಣದ್ರವ್ಯದಿಂದ ಬಂದುದು. ಮರಿಗಳು ಬೂದುಬಣ್ಣದವು. ಮಹಾ ರಣ್‌ನ ಒಳಭಾಗದಲ್ಲಿ, ಗಡಿಗೆ ಸಮೀಪದಲ್ಲಿ, ‘ರಾಜಹಂಸ ನಗರ’ವೆಂದು ಪ್ರಸಿದ್ಧವಾದ ಅವುಗಳ ಸಂತಾನಕ್ಷೇತ್ರವಿದೆ. ೧೯೪೫ರಲ್ಲಿ ಸಲೀಂ ಅಲಿಯವರು ಅಲ್ಲಿಗೆ ಹೋಗಿ ಲಕ್ಷಾಂತರ ಹಕ್ಕಿಗಳನ್ನು ಕಂಡರು. ಕೆಸರನ್ನು ಕೊಕ್ಕಿನಿಂದ ಕಲೆಹಾಕಿ ಕಟ್ಟಿದ ಗುಡ್ಡೆಯೇ ಗೂಡು. ಪ್ರತಿ ಗೂಡಿಗೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ನೀರು ಹೆಚ್ಚಾದರೆ ಗೂಡು ಮುಳುಗುತ್ತದೆ. ಕಡಿಮೆಯಾದರೆ ನರಿ ನಾಯಿಗಳು ನಡೆದು ಬರುತ್ತವೆ. ಹದವಾದ ನೀರು ನಿಂತ ವರ್ಷ ಮಾತ್ರ ಆ ನಗರದಲ್ಲಿ ತೊಟ್ಟಿಲು ತೂಗುತ್ತದೆ.

ಸಾವಿರಾರು ರಾಜಹಂಸಗಳು ಒಮ್ಮೆಲೇ ಮೇಲೇಳುವ ದೃಶ್ಯವು ಛಾಯಾಗ್ರಾಹಕನಿಗೆ ದೊಡ್ಡ ಪ್ರಲೋಭನೆ. ನೀರಿಗಿಳಿದು ಓಡಿದರೆ ಸಾಕು, ಆ ಚಿತ್ರ ಕೈಗೆ ಸಿಗುತ್ತದೆ. ಆದರೆ ಅದಕ್ಕೆ ಬೆಲೆ ತೆರುವವರು ಯಾರು? ಸಾವಿರಾರು ಮೈಲಿಗಳ ಮರುಪ್ರಯಾಣಕ್ಕೆಂದು ಹಕ್ಕಿಗಳು ಚಳಿಗಾಲದಲ್ಲಿ ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳುತ್ತವೆ. ಅನವಶ್ಯಕವಾಗಿ ಹಾರಿದಾಗಲೆಲ್ಲ ಆ ಉಳಿತಾಯದಲ್ಲಿ ಒಂದಂಶ ಕರಗುತ್ತದೆ. ಮೇಯುವ ಹೊತ್ತೂ ಹಾಳಾಗುತ್ತದೆ. ಹಕ್ಕಿ ತಲೆಯೆತ್ತಿ ನೋಡಿತೆಂದರೆ ನಿಲ್ಲಬೇಕು. ಮೇಯುವುದನ್ನು ಬಿಟ್ಟು ನಡೆಯತೊಡಗಿತೆಂದರೆ ಹಿಂದಕ್ಕೆ ಸರಿಯಬೇಕು. ಇದು ಈ ಕಲೆಯ ಎರಡನೆಯ ಪಾಠ.

ರಣ್‌ಗೂ ಒಳನಾಡಿಗೂ ನಡುವೆ ಹಬ್ಬಿರುವುದು ಬನ್ನಿ ಹುಲ್ಲುಗಾವಲು. ಕನ್ನಡದ ಕಿವಿಗೆ ಅದರ ಹೆಸರೇ ಆಹ್ವಾನದಂತೆ ಕೇಳಿಸುತ್ತದೆ. ಸುಮಾರು ೨,೫೦೦ ಚದರ ಕಿಲೋಮೀಟರ್ ವಿಸ್ತಾರದ ಈ ಬಯಲಿನಲ್ಲಿ ಮಾಲಧಾರಿಗಳೆಂಬ ಪಶುಪಾಲಕರು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಅವರ ಎಮ್ಮೆಗಳು ಬಿಸಿಲನ್ನು ತಪ್ಪಿಸಿಕೊಂಡು ರಾತ್ರಿಯೆಲ್ಲ ಮೇದು ಬೆಳಿಗ್ಗೆ ತಾವಾಗಿಯೇ ಮನೆಗೆ ಬರುತ್ತವೆ. ಉಪ್ಪುಮರುಭೂಮಿಯು ಒಳಗೆ ನುಗ್ಗದಂತೆ ತಡೆಯಲೆಂದು ೧೯೬೦ರ ದಶಕದಲ್ಲಿ ಇಲ್ಲಿ ಪರದೇಶದ ಒಂದು ಜಾಲಿಯನ್ನು ನೆಡಲಾಯಿತು. ಕರ್ನಾಟಕದಲ್ಲಿ ಅದನ್ನು ಬಳ್ಳಾರಿ ಜಾಲಿ ಎನ್ನುತ್ತೇವೆ. ಅಲ್ಲಿಯವರು ಹುಚ್ಚು ಜಾಲಿ ಎನ್ನುತ್ತಾರೆ. ದನಕರುಗಳು ಅದರ ಕಾಯಿಯನ್ನು ತಿಂದು ಬೀಜವನ್ನು ಎಲ್ಲೆಡೆ ಹರಡಿದವು. ಹುಲ್ಲಿನ ಬಯಲು ಮುಳ್ಳಿನ ಕಾಡಾಗತೊಡಗಿತು. ಕೆಲವರಿಗೆ ಅದು ಇದ್ದಿಲಿನ ಜೀವನೋಪಾಯವನ್ನು ಕೊಟ್ಟಿತೆಂಬುದೂ ನಿಜ. ಆದರೆ ತೆರೆದ ಬಯಲನ್ನೇ ನಂಬಿದ ಹಕ್ಕಿಗಳಿಗೆ ನೆಲೆ ಕುಗ್ಗಿತು. ಒಳ್ಳೆಯ ಉದ್ದೇಶವೊಂದೇ ಸಾಲದು, ನೆಲದ ಸ್ವಭಾವವನ್ನೂ ಅರಿತಿರಬೇಕೆಂಬುದಕ್ಕೆ ಬನ್ನಿಯೇ ಸಾಕ್ಷಿ.

ತೆರೆದ ಬಯಲನ್ನು ನಂಬಿದ ಹಕ್ಕಿಗಳಲ್ಲಿ ಹಿರಿಯದು ಎರೆಬೂತ. ಇದು ವಲಸೆ ಬರುವ ಅತಿಥಿಯಲ್ಲ; ಈ ನೆಲದ ಮನೆಮಗ. ಕಚ್ಛದ ಪಶ್ಚಿಮ ಭಾಗದ ನಲಿಯಾ ಊರಿನ ಸುತ್ತಲಿನ ಹುಲ್ಲುಗಾವಲು ಅದರ ನೆಲೆ. ಅಲ್ಲಿ ೧೯೯೨ರಲ್ಲಿ ಅದಕ್ಕೆಂದೇ ಒಂದು ಅಭಯಾರಣ್ಯ ಘೋಷಿತವಾಯಿತು. ಆದರೆ ಅದರ ವಿಸ್ತೀರ್ಣ ಎರಡು ಚದರ ಕಿಲೋಮೀಟರ್ ಮಾತ್ರ. ಒಂದು ಮೀಟರಿನಷ್ಟು ಎತ್ತರ. ಗಂಡಿನ ತೂಕ ಹದಿನೈದು ಕಿಲೋಗ್ರಾಮಿನವರೆಗೂ ಇರುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇದು ಅತ್ಯಂತ ಭಾರವಾದವುಗಳಲ್ಲೊಂದು. ಹೆಣ್ಣು ಬರಿಯ ನೆಲದ ಮೇಲೆ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಇಡುತ್ತದೆ. ರಾಷ್ಟ್ರಪಕ್ಷಿಯ ಪಟ್ಟಕ್ಕೆ ಸಲೀಂ ಅಲಿಯವರು ಸೂಚಿಸಿದ್ದ ಹಕ್ಕಿಯಿದು. ೧೯೬೩ರಲ್ಲಿ ಆ ಗೌರವ ನವಿಲಿಗೆ ಸಂದಿತು.

ಬೇಟೆಯೂ ಬಯಲಿನ ನಾಶವೂ ಈ ಹಕ್ಕಿಯನ್ನು ಬಹುಮಟ್ಟಿಗೆ ಮುಗಿಸಿದವು. ಉಳಿದವುಗಳಿಗೆ ಈಗ ಹೊಸದೊಂದು ಕಂಟಕ ಒದಗಿದೆ. ಅದು ವಿದ್ಯುತ್ ತಂತಿ. ಎರೆಬೂತದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅಕ್ಕಪಕ್ಕದ ಅಪಾಯ ಕಾಣುತ್ತದೆ, ಎದುರಿನ ತಂತಿ ಕಾಣುವುದಿಲ್ಲ. ಕಂಡಾಗಲೂ ಭಾರವಾದ ಮೈಯನ್ನು ತಟ್ಟನೆ ತಿರುಗಿಸಲಾಗುವುದಿಲ್ಲ. ಗಾಳಿಯಿಂದಲೂ ಬಿಸಿಲಿನಿಂದಲೂ ವಿದ್ಯುತ್ತನ್ನು ಪಡೆಯಲು ಕಚ್ಛವು ಹೇಳಿಮಾಡಿಸಿದ ನೆಲ. ಕಲ್ಲಿದ್ದಲ ಹೊಗೆಯಿಂದ ಜಗತ್ತನ್ನು ಪಾರುಮಾಡಲು ಅಂಥ ವಿದ್ಯುತ್ತು ಅಗತ್ಯವೂ ಹೌದು. ಇಲ್ಲಿರುವುದು ಒಳಿತಿಗೂ ಕೆಡುಕಿಗೂ ನಡುವಿನ ಹೋರಾಟವಲ್ಲ. ಎರಡು ಒಳಿತುಗಳ ನಡುವಿನ ತಿಕ್ಕಾಟ. ಎರೆಬೂತದ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಇಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೧ರಲ್ಲಿ ಆಜ್ಞಾಪಿಸಿತು. ೨೦೨೪ರಲ್ಲಿ ಆ ಆಜ್ಞೆಯನ್ನು ಮಾರ್ಪಡಿಸಿ, ಎರಡನ್ನೂ ಸರಿದೂಗಿಸುವ ದಾರಿಯನ್ನು ಸೂಚಿಸಲು ತಜ್ಞರ ಸಮಿತಿಯೊಂದನ್ನು ನೇಮಿಸಿತು. ಈ ನಡುವೆ ಕಚ್ಛದ ಎರೆಬೂತಗಳು ಬೆರಳೆಣಿಕೆಗೆ ಇಳಿದುವು. ಉಳಿದವು ಹೆಣ್ಣುಗಳು, ಜೊತೆಗೆ ಗಂಡಿಲ್ಲದೆ ಹೋಯಿತು.

ಈ ಮಾತು ಕನ್ನಡಿಗರಿಗೆ ದೂರದ ಸುದ್ದಿಯಲ್ಲ. ಎರೆಭೂಮಿಯ ಹಕ್ಕಿಯಾದ್ದರಿಂದಲೇ ನಮ್ಮ ಹಿರಿಯರು ಅದನ್ನು ಎರೆಬೂತವೆಂದು ಕರೆದರು. ಹಿಂದೆ ರಾಣೆಬೆನ್ನೂರಿನ ಬಯಲಿನಲ್ಲಿ ಅದು ಕೃಷ್ಣಮೃಗಗಳ ಜೊತೆ ಓಡಾಡುತ್ತಿತ್ತು. ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಕೆಲವೇ ಹಕ್ಕಿಗಳ ಸುಳಿವಿದೆ. ನಲಿಯಾದ ಹುಲ್ಲುಗಾವಲಿನಲ್ಲಿ ದುರ್ಬೀನು ಹಿಡಿದು ನಿಲ್ಲುವ ಪ್ರವಾಸಿಯು ಹಲವು ವೇಳೆ ಏನನ್ನೂ ಕಾಣದೆ ಮರಳುತ್ತಾನೆ. ಗಾಳಿಗೆ ತೂಗುವ ಹುಲ್ಲು, ಅದರಾಚೆ ಕಂಬಗಳ ಸಾಲು. ಚಿತ್ರ ತೆಗೆಯಲು ಹಕ್ಕಿಯೇ ಇಲ್ಲದ ಆ ಬಯಲು ಅವನಿಗೆ ಕಲಿಸುವಷ್ಟನ್ನು ಸಾವಿರ ರಾಜಹಂಸಗಳ ಚಿತ್ರವೂ ಕಲಿಸಲಾರದು.

ಪ್ರವಾಸದ ಕೊನೆಯಲ್ಲಿ ಯಾತ್ರಿಕರು ಕಾಳಾ ಡುಂಗರ್, ಅಂದರೆ ಕರಿಬೆಟ್ಟವನ್ನು ಏರುತ್ತಾರೆ. ಸುಮಾರು ೪೬೦ ಮೀಟರ್ ಎತ್ತರದ ಇದು ಕಚ್ಛದ ಅತ್ಯುನ್ನತ ಶಿಖರ. ಮೇಲೆ ದತ್ತಾತ್ರೇಯ ದೇಗುಲ. ಕೆಳಗೆ ಉತ್ತರಕ್ಕೆ ಬಿಳಿಯ ರಣ್, ಅದರಾಚೆ ನೆರೆಯ ದೇಶ. ೧೯೬೫ರ ಏಪ್ರಿಲ್‌ನಲ್ಲಿ ಈ ಬಯಲಿಗಾಗಿ ಎರಡೂ ದೇಶಗಳ ಪಡೆಗಳು ಕಾದಾಡಿದವು. ೧೯೬೮ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪಿನಂತೆ ಗಡಿ ಗುರುತಾಯಿತು. ಇಂದು ಗಡಿಭದ್ರತಾ ಪಡೆಯ ಯೋಧರು ಬಿಸಿಲಿನಲ್ಲಿ ಬೆಂದು, ಚಳಿಯಲ್ಲಿ ನಡುಗಿ ಅದನ್ನು ಕಾಯುತ್ತಿದ್ದಾರೆ. ದೇಶಕ್ಕೆ ಗಡಿ ಬೇಕು. ಅದನ್ನು ಕಾಯುವವರೂ ಬೇಕು. ಆದರೆ ಹಕ್ಕಿಯ ದೇಶದ ಎಲ್ಲೆಗಳು ಬೇರೆ. ಸೈಬೀರಿಯದ ಜೌಗು, ಇರಾನಿನ ಕಣಿವೆ, ಸಿಂಧ್‌ನ ಸರೋವರ, ಕಚ್ಛದ ಧಂಡ್, ಗದಗದ ಕೆರೆ ಇವೆಲ್ಲ ಅವುಗಳ ಪಾಲಿಗೆ ಒಂದೇ ಸರಪಳಿಯ ಕೊಂಡಿಗಳು. ಒಂದು ಕೊಂಡಿ ಕಳಚಿದರೂ ಸರಪಳಿ ತುಂಡಾಗುತ್ತದೆ. ಇಡೀ ಸರಪಳಿಯನ್ನು ಯಾವ ಒಂದು ದೇಶವೂ ಕಾಯಲಾರದು. ತನ್ನ ಪಾಲಿನ ಕೊಂಡಿಯನ್ನು ಎಲ್ಲರೂ ಕಾಯಬಹುದು. ಊರ ಮುಂದಿನ ಕೆರೆಯನ್ನೂ ಅದರಂಚಿನ ಹುಲ್ಲುಬಯಲನ್ನೂ ಉಳಿಸಿಕೊಂಡವರು ದೂರದ ನಾಡಿನ ಅತಿಥಿಗೆ ಬಾಗಿಲು ತೆರೆದಿಟ್ಟವರೇ ಸರಿ.

ಅಭ್ಯಾಸ

ಅ. ಪದಗಳ ಅರ್ಥ
ಖಾರಿ – ಕೊಲ್ಲಿ. ಕಚ್ಛಪ – ಆಮೆ. ಜೌಗು – ಸದಾ ತೇವವಿರುವ ನೆಲ. ಅನತಿದೂರ – ಹೆಚ್ಚು ದೂರವಲ್ಲದ. ಪ್ರಲೋಭನೆ – ಆಸೆಯ ಸೆಳೆತ. ಕಂಟಕ – ತೊಂದರೆ, ಮುಳ್ಳು.

ಆ. ಒಂದು ವಾಕ್ಯದಲ್ಲಿ ಉತ್ತರಿಸಿರಿ
೧. ‘ಛಾರಿ ಧಂಡ್’ ಎಂಬ ಹೆಸರಿನ ಅರ್ಥವೇನು?
೨. ರಾಜಹಂಸಕ್ಕೆ ಗುಲಾಬಿ ಬಣ್ಣ ಬರುವುದು ಹೇಗೆ?
೩. ಬನ್ನಿಯಲ್ಲಿ ಪರದೇಶದ ಜಾಲಿಯನ್ನು ನೆಟ್ಟ ಉದ್ದೇಶವೇನು?

ಇ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ
೧. ಹಕ್ಕಿಗಳು ಚಳಿಗಾಲದಲ್ಲಿ ವಲಸೆ ಬರಲು ಕಾರಣಗಳೇನು?
೨. ಪಕ್ಷಿ ಛಾಯಾಗ್ರಾಹಕನು ಪಾಲಿಸಬೇಕಾದ ನಿಯಮಗಳಾವುವು?
೩. ವಿದ್ಯುತ್ ತಂತಿಗಳು ಎರೆಬೂತಕ್ಕೆ ಅಪಾಯಕರವಾಗಿರುವುದೇಕೆ?

ಈ. ಸಂದರ್ಭ ಸಹಿತ ವಿವರಿಸಿರಿ
೧. “ಎರಡು ಒಳಿತುಗಳ ನಡುವಿನ ತಿಕ್ಕಾಟ.”
೨. “ಹಕ್ಕಿಯ ದೇಶದ ಎಲ್ಲೆಗಳು ಬೇರೆ.”

ಉ. ಮಾಡಿ ನೋಡಿರಿ
ನಿಮ್ಮ ಊರಿನ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನು ದೂರದಿಂದ ಗಮನಿಸಿ, ಅವು ಬಂದ ದಿನ, ಮೇಯುವ ಜಾಗ, ಮರಳಿದ ದಿನಗಳನ್ನು ಗುರುತು ಹಾಕಿಕೊಳ್ಳಿರಿ.